ಕತ್ತಿವರಸೆಯ ಸಿನಿಮಾಗಳಲ್ಲಿ ಕತ್ತಿ ಯಾರದು?

ಕತ್ತಿವರಸೆಯ ಸಿನಿಮಾ ಅಂದರೆ ನಮಗೆ ಈಗಲೂ ಆಸೆಯೇ. ಟೆಂಟಿನ ನೆಲದಲ್ಲಿ ಕೂತು, ಪರದೆಯ ಮೇಲೆ ಖಣಖಣ ಶುರುವಾದೊಡನೆ ಶಿಳ್ಳೆ ಹಾಕಿದವರು ನಾವು. ಗೋಡೆ ಹಾರುವವನು, ಹಗ್ಗಕ್ಕೆ ಜೋತುಬಿದ್ದು ಶತ್ರುವಿನ ಎದೆಗೆ ಒದೆಯುವವನು ಯಾರ ಮಗ, ಯಾವ ವರ್ಗದವನು ಅಂತ ಆಗ ಕೇಳಲಿಲ್ಲ. ಈಗ ಕೇಳುತ್ತೇವೆ. ಕೇಳಿದ್ದಕ್ಕೆ ರುಚಿಯೇನೂ ಕೆಟ್ಟಿಲ್ಲ.

1938ರಲ್ಲಿ ವಾರ್ನರ್ ಬ್ರದರ್ಸ್ ತಯಾರಿಸಿದ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' ನೋಡಲೇಬೇಕಾದ ಚಿತ್ರ. ಎರಾಲ್ ಫ್ಲಿನ್‌ನ ಚುರುಕು ಅಂಥದ್ದು. ಶುರುವಿನಲ್ಲೇ, ರಾಜನ ಜಿಂಕೆ ಹೊಡೆದ ಬಡವನೊಬ್ಬನನ್ನು ಸರದಾರರು ಹಿಡಿಯುತ್ತಾರೆ, ರಾಬಿನ್ ಬಿಡಿಸುತ್ತಾನೆ. ಇದು ಬರೀ ಕಟ್ಟುಕಥೆಯಲ್ಲ. ನಾರ್ಮನ್ ದೊರೆಗಳು ಕಾಡಿಗೇ ಬೇರೆ ಕಾನೂನು ಮಾಡಿಕೊಂಡಿದ್ದರು. ಜಿಂಕೆ ಕೊಂದವನ ಜೀವವನ್ನೋ ಕೈಕಾಲನ್ನೋ ತೆಗೆಯುವ ಶಿಕ್ಷೆ 1217ರ ಅರಣ್ಯ ಸನ್ನದು ಬರುವ ತನಕ ಕಾನೂನಿನಲ್ಲೇ ಇತ್ತು.

ಆದರೆ ನಾಯಕನ ಹೆಸರು ನೋಡಿ: ಸರ್ ರಾಬಿನ್ ಆಫ್ ಲಾಕ್ಸ್‌ಲಿ! ಈ 'ಸರ್' ಎಲ್ಲಿಂದ ಬಂತು? ಹಳೆಯ ಲಾವಣಿಗಳ ರಾಬಿನ್ ಒಬ್ಬ ಯೋಮನ್. ಅಂದರೆ ಸರದಾರನೂ ಅಲ್ಲ, ಜೀತದಾಳೂ ಅಲ್ಲ, ಸಾಮಾನ್ಯ ಮನುಷ್ಯ. 1377ರ ಸುಮಾರಿಗೆ ಲ್ಯಾಂಗ್‌ಲ್ಯಾಂಡ್ ಕವಿ ಒಬ್ಬ ಸೋಮಾರಿ ಪಾದ್ರಿಯ ಚಿತ್ರ ಕೊಡುತ್ತಾನೆ. ಅವನಿಗೆ ಪ್ರಾರ್ಥನೆ ಬರುವುದಿಲ್ಲ, ರಾಬಿನ್ ಹುಡ್ ಪದಗಳು ಬರುತ್ತವೆ. ಜನರ ಬಾಯಲ್ಲಿ ಆ ಪದಗಳು ಅಷ್ಟು ಹರಿದಾಡುತ್ತಿದ್ದ ಕಾಲವದು. 1381ರಲ್ಲಿ ಅದೇ ಇಂಗ್ಲೆಂಡಿನ ರೈತರು ತಲೆಗಂದಾಯದ ವಿರುದ್ಧ ಎದ್ದು ಲಂಡನ್ನಿಗೇ ನುಗ್ಗಿದರು. ಮುಂದೆ 1598ರಲ್ಲಿ ಆಂಟನಿ ಮಂಡೇ ಎಂಬ ನಾಟಕಕಾರ ಈ ಯೋಮನ್ನನನ್ನು ಹಂಟಿಂಗ್‌ಟನ್ನಿನ ಅರ್ಲ್ ಮಾಡಿಬಿಟ್ಟ. ಸಾಮಾನ್ಯನಿಗೆ ಇಷ್ಟು ಧೈರ್ಯ ಎಲ್ಲಿಂದ ಬರಬೇಕು, ಒಳಗೆ ದೊಡ್ಡವರ ರಕ್ತ ಇದ್ದೇ ಇರಬೇಕು ಅನ್ನುವ ಲೆಕ್ಕ. ಈ ಲೆಕ್ಕ ನಮಗೇನು ಹೊಸದಲ್ಲ.

ಹಳೆಯ ಲಾವಣಿಯಲ್ಲಿ ರಾಜ ಇವನನ್ನು ಅರಮನೆಗೆ ಕರೆದೊಯ್ಯುತ್ತಾನೆ. ವರ್ಷ ಕಳೆಯುವಷ್ಟರಲ್ಲಿ ರಾಬಿನ್‌ಗೆ ಕೈಯಲ್ಲಿದ್ದ ದುಡ್ಡೂ ಖಾಲಿ, ಮನಸ್ಸೂ ಖಾಲಿ. ಬೇಡವಪ್ಪಾ ಅಂತ ಕಾಡಿಗೆ ವಾಪಸಾಗುತ್ತಾನೆ. ಸಿನಿಮಾದಲ್ಲೋ? ರಿಚರ್ಡ್ ದೊರೆ ಬಂದು ಪದವಿ ಕೊಟ್ಟು ಮದುವೆಗೂ ಅಪ್ಪಣೆ ಕೊಡುತ್ತಾನೆ, ಎಲ್ಲ ಸುಖಾಂತ. ನಿಜದ ರಿಚರ್ಡ್ ಆಳಿದ್ದು 1189ರಿಂದ 1199ರವರೆಗೆ, ಇಂಗ್ಲೆಂಡಿನಲ್ಲಿ ಇದ್ದದ್ದು ಆರು ತಿಂಗಳ ಆಸುಪಾಸು. ಸೆರೆಸಿಕ್ಕ ಅವನನ್ನು ಬಿಡಿಸಲು 1193ರಲ್ಲಿ ಆದಾಯದಲ್ಲೂ ಚರಾಸ್ತಿಯಲ್ಲೂ ಕಾಲು ಭಾಗವನ್ನು ತೆರಿಗೆಯಾಗಿ ಹೇರಿದರು. ಸಿನಿಮಾದ ರಾಬಿನ್ ದೋಚಿದ ಹಣವನ್ನು ಇದೇ ಬಿಡುಗಡೆಗೆ ಮೀಸಲಿಡುತ್ತಾನೆ! ಅಲ್ಲಿಗೆ ಬಡವರ ಕಳ್ಳ ರಾಜನ ಕರವಸೂಲಿಗಾರನೇ ಆಗಿಬಿಟ್ಟ.

ಇಷ್ಟು ತೊಳೆದು ಬೆಳ್ಳಗೆ ಮಾಡಿದ ಮೇಲೂ ಇವನನ್ನು ಕಂಡರೆ ಹೆದರುವವರಿದ್ದರು. ಅಮೆರಿಕದ ಇಂಡಿಯಾನ ರಾಜ್ಯದಲ್ಲಿ 1953ರಲ್ಲಿ ಪಠ್ಯಪುಸ್ತಕ ಸಮಿತಿಯ ಸದಸ್ಯೆಯೊಬ್ಬರು, ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಡುವುದು ಕಮ್ಯುನಿಸಂ, ರಾಬಿನ್ ಹುಡ್ ಶಾಲೆಗಳಿಂದ ಹೋಗಲಿ ಅಂದರು. ಮರುವರ್ಷ ಅಲ್ಲಿನ ವಿಶ್ವವಿದ್ಯಾಲಯದ ಐದು ಜನ ವಿದ್ಯಾರ್ಥಿಗಳು ಕೋಳಿಗರಿಗಳಿಗೆ ಹಸಿರು ಬಣ್ಣ ಹಚ್ಚಿ ಕ್ಯಾಂಪಸ್ಸಿನ ತುಂಬ ಹರಡಿದರು. ಕೋಳಿಗರಿಗೂ ಪೊಲೀಸ್ ತನಿಖೆ ನಡೆಯಿತು.

ಕಮ್ಯುನಿಸ್ಟ್ ಹೌದೋ ಅಲ್ಲವೋ ಅಂತ ಸಂಸತ್ತಿನ ಸಮಿತಿಗೆ ಹೇಳಲು ಒಪ್ಪದೆ 1950ರಲ್ಲಿ ಜೈಲು ಸೇರಿದ ಹಾಲಿವುಡ್ ಬರಹಗಾರ ರಿಂಗ್ ಲಾರ್ಡ್ನರ್ ಜೂನಿಯರ್ ಆಮೇಲೆ ಬದುಕಿಗೆ ಬರೆದದ್ದೇನು ಗೊತ್ತೇ? 1955ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ರಾಬಿನ್ ಹುಡ್ ಟೆಲಿವಿಷನ್ ಸರಣಿ, ಅದೂ ಸುಳ್ಳು ಹೆಸರಿನಲ್ಲಿ. ಬರ್ಟ್ ಲ್ಯಾಂಕಾಸ್ಟರ್ ನಟಿಸಿದ 'ದಿ ಫ್ಲೇಮ್ ಅಂಡ್ ದಿ ಆ್ಯರೋ' (1950) ಬರೆದ ವಾಲ್ಡೊ ಸಾಲ್ಟ್ ಕೂಡ ಮುಂದೆ ಕಪ್ಪುಪಟ್ಟಿಗೆ ಬಿದ್ದ. ಅದರಲ್ಲಿ ನಾಯಕ ಇಟಲಿಯ ಬೆಟ್ಟದವನು, ಯಾವ 'ಸರ್'ಉ ಇಲ್ಲ. ಲ್ಯಾಂಕಾಸ್ಟರ್ ಸರ್ಕಸ್ಸಿನಿಂದ ಬಂದವನು. ಕಸರತ್ತು ನೋಡುವುದಕ್ಕಾದರೂ ನೋಡಿ.

ಇವೆಲ್ಲ ಒಂದು ತೂಕವಾದರೆ ಜಪಾನಿನ ಅಕಿರಾ ಕುರೊಸಾವಾ 1954ರಲ್ಲಿ ತೆಗೆದ 'ಸೆವೆನ್ ಸಮುರಾಯ್' ಒಂದೇ ಒಂದು ತೂಕ. ಕಥೆಯ ಕಾಲ ಸುಮಾರು 1586. ಸುಗ್ಗಿಗೆ ಕಾದು ಕೂತ ನಲವತ್ತು ದರೋಡೆಕೋರರು. ಊರವರು ಏಳು ಜನ ಕತ್ತಿಯಾಳುಗಳನ್ನು ಕರೆತರುತ್ತಾರೆ. ಕೂಲಿ ಬರೀ ಅನ್ನ. ಅವರಿಗೆ ಅನ್ನ ಬಡಿಸಿ ತಾವು ಕಿರುಧಾನ್ಯ ತಿನ್ನುತ್ತಾರೆ. ಅಕ್ಕಿ ಬೆಳೆದೂ ಅನ್ನವನ್ನು ಹಬ್ಬಕ್ಕೆ ಮಾತ್ರ ಕಂಡ ಮನೆಗಳಿಂದ ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಏಳನೆಯವನು ಕಿಕುಚಿಯೊ. ತೊಶಿರೊ ಮಿಫುನೆಯ ಪಾತ್ರ. ತಾನೂ ಸಮುರಾಯ್ ಅಂತ ಒಂದು ವಂಶಾವಳಿಯ ಸುರುಳಿ ಹಿಡಿದು ಬರುತ್ತಾನೆ. ಓದಿ ನೋಡಿದರೆ ಆ ಲೆಕ್ಕಕ್ಕೆ ಅವನ ವಯಸ್ಸು ಹದಿಮೂರು! ಎಲ್ಲರೂ ನಗುತ್ತಾರೆ. ನಾವೂ ನಕ್ಕೆವು, ಆಮೇಲೆ ನಗು ಗಂಟಲಲ್ಲಿ ನಿಂತಿತು. ರೈತರು ಸತ್ತ ಸಮುರಾಯ್‌ಗಳ ಕವಚ ಕದ್ದಿಟ್ಟದ್ದು ಬಯಲಾದಾಗ ಉಳಿದವರು ಕೆರಳುತ್ತಾರೆ. ಆಗ ಇವನು ಸಿಡಿಯುತ್ತಾನೆ: ಹೌದು, ರೈತರು ಸುಳ್ಳರು, ಪುಕ್ಕಲರು, ಆದರೆ ಅವರನ್ನು ಹಾಗೆ ಮಾಡಿದ್ದು ಯಾರು, ಊರು ಸುಟ್ಟವರು ಯಾರು, ಹೆಂಗಸರನ್ನು ಕೆಡಿಸಿದವರು ಯಾರು? ಮಾತು ಮುಗಿಯುವ ಹೊತ್ತಿಗೆ ಇವನು ರೈತನ ಮಗ ಅಂತ ಎಲ್ಲರಿಗೂ ತಿಳಿದಿರುತ್ತದೆ.

ಕಥೆಯ ಕಾಲ ಕಳೆದು ಎರಡು ವರ್ಷಕ್ಕೆ, 1588ರಲ್ಲಿ, ಹಿದೆಯೊಶಿ ರೈತರ ಮನೆಗಳಿಂದ ಕತ್ತಿ, ಈಟಿ, ಕೋವಿ ಎಲ್ಲ ಕಿತ್ತುಕೊಂಡ. ಕರಗಿಸಿ ಬುದ್ಧನ ದೊಡ್ಡ ವಿಗ್ರಹಕ್ಕೆ ಮೊಳೆ ಮಾಡುತ್ತೇವೆ, ಪುಣ್ಯ ಬರುತ್ತದೆ ಅಂದ. 1591ರಲ್ಲಿ ರೈತ ಹೊಲ ಬಿಟ್ಟು ಬೇರೆ ಕಸುಬು ಹಿಡಿಯಕೂಡದು ಅಂತ ಆಜ್ಞೆ. ಹೀಗೆ ಬಾಗಿಲು ಹಾಕಿದವನು ತಾನೇ ಬಡ ಕಾಲಾಳಿನ ಮಗ. ಕಿಕುಚಿಯೊನಂಥವರು ಆಮೇಲೆ ಕತ್ತಿ ಹಿಡಿಯುವಂತಿರಲಿಲ್ಲ.

ಇದೇ ಕಥೆಯ ಎಳೆ ಹಿಡಿದ 'ಶೋಲೆ' (1975) ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾಯಿತು. ಆದರೆ ಅಲ್ಲಿ ಕೂಲಿಗೆ ಆಳು ಕರೆಸುವವನು ಠಾಕೂರ. ಊರವರು ನಿಂತು ನೋಡುತ್ತಾರೆ. ಜಪಾನಿನ ಚಿತ್ರದಲ್ಲಿ ಊರವರೇ ಬಿದಿರಿನ ಈಟಿ ಹಿಡಿದು ಕೆಸರಿಗಿಳಿಯುತ್ತಾರೆ. ಏಳರಲ್ಲಿ ನಾಲ್ವರು ಸಾಯುತ್ತಾರೆ, ನಾಲ್ವರೂ ಗುಂಡೇಟಿಗೆ. ಕತ್ತಿಯ ಕಾಲ ಮುಗಿಯುತ್ತಿದೆ. ಉಳಿದ ಮೂವರು ಸಮಾಧಿಗಳ ಬಳಿ ನಿಂತಿದ್ದರೆ, ಕೆಳಗೆ ಗದ್ದೆಯಲ್ಲಿ ಡೋಲು ಬಡಿಯುತ್ತ ನಾಟಿ ನಡೆದಿದೆ.

ಚಿತ್ರ 207 ನಿಮಿಷ, ನಡುವೆ ವಿರಾಮ ಉಂಟು. ಹಾಸ್ಟೆಲಿನಲ್ಲಿ ತೋರಿಸುವ ಮೇಷ್ಟ್ರುಗಳು ಹುಡುಗರಿಗೆ ಊಟ ಹಾಕಿಯೇ ಶುರುಮಾಡಲಿ. ಆ ಅನ್ನದ ದೃಶ್ಯ ಬೇಗ ಬರುತ್ತದೆ.