ಕೊರಿನ್ ದಿಯಾಕ್ರ್: ಡಿಫೆಂಡರ್ ಕೋಚ್ ಆದಾಗ



ಫುಟ್ಬಾಲಿನಲ್ಲಿ ಗೋಲು ಹೊಡೆದವರ ಹೆಸರು ಎಲ್ಲರಿಗೂ ನೆನಪಿರುತ್ತದೆ, ಗೋಲು ತಡೆದವರನ್ನು ಕೇಳುವವರು ಕಡಿಮೆ. ಇದು ಫ್ರಾನ್ಸಿನ ಒಬ್ಬ ಡಿಫೆಂಡರ್ ಕಥೆ.

ಕೊರಿನ್ ದಿಯಾಕ್ರ್ ಹುಟ್ಟಿದ್ದು 1974ರ ಆಗಸ್ಟ್ 4ರಂದು. 1988ರಲ್ಲಿ ಸೊಯೋ ಎಂಬ ಊರಿನ ಕ್ಲಬ್ ಸೇರಿದವರು, ಆಟ ನಿಲ್ಲಿಸುವವರೆಗೂ ಅದನ್ನು ಬಿಡಲಿಲ್ಲ. ದೇಶಕ್ಕಾಗಿ 121 ಪಂದ್ಯ ಆಡಿದರು. ಹೊಡೆದ ಗೋಲು ಬರೀ 14. ಅದರಲ್ಲಿ ಒಂದು ಮಾತ್ರ ಇತಿಹಾಸವಾಯಿತು. 2002ರ ನವೆಂಬರ್ 16ರಂದು ಸೇಂತ್ ಎತಿಯೆನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅವರು ತಲೆಯಿಂದ ಹೊಡೆದ ಏಕೈಕ ಗೋಲಿನಿಂದ ಫ್ರಾನ್ಸ್ ಗೆದ್ದು, ಅಲ್ಲಿನ ಮಹಿಳೆಯರು ಮೊದಲ ಬಾರಿ ವಿಶ್ವಕಪ್ಪಿಗೆ ಹೋದರು.

ಆಟ ಮುಗಿದ ಮೇಲೆ ಸೊಯೋ ತಂಡಕ್ಕೇ ಕೋಚ್ ಆದರು. 2014ರಲ್ಲಿ ಫ್ರಾನ್ಸಿನ ವೃತ್ತಿಪರ ತಂಡಗಳ ಕೋಚ್ ಆಗಲು ಬೇಕಾದ ಡಿಪ್ಲೊಮಾ ಪಡೆದ ಮೊದಲ ಮಹಿಳೆಯಾದರು. ಅದೇ ವರ್ಷ ಗಂಡಸರ ಎರಡನೇ ದರ್ಜೆಯ ಲೀಗಿನ ಕ್ಲೆರ್ಮೋ ಕ್ಲಬ್, ಪೋರ್ಚುಗಲ್‌ನ ಹೆಲೆನಾ ಕೋಸ್ಟಾ ಅವರನ್ನು ಕೋಚ್ ಎಂದು ಘೋಷಿಸಿತ್ತು. ತನ್ನನ್ನು ಕೇಳದೆಯೇ ಆಟಗಾರರನ್ನು ಸೇರಿಸಿಕೊಂಡರೆಂದು ಬೇಸರಗೊಂಡು ಕೋಸ್ಟಾ ಕೆಲಸ ಶುರುವಾಗುವ ಮುನ್ನವೇ ಹೊರನಡೆದರು. ಆ ಜಾಗಕ್ಕೆ ದಿಯಾಕ್ರ್ ಬಂದರು. ಮೊದಲ ಲೀಗ್ ಪಂದ್ಯ ಬ್ರೆಸ್ಟ್ ವಿರುದ್ಧ, ಅವರ ನಲವತ್ತನೇ ಹುಟ್ಟುಹಬ್ಬದ ದಿನವೇ. 2-1ರಿಂದ ಸೋತರು. ಆದರೂ ಮೂರು ಋತು ಆ ಹುದ್ದೆಯಲ್ಲಿ ನಿಂತರು. ಪ್ರದರ್ಶನಕ್ಕೆ ತಂದ ಹೆಂಗಸು ಎಂದುಕೊಂಡಿದ್ದವರಿಗೆ ಅದೇ ಉತ್ತರವಾಯಿತು.

2017ರಲ್ಲಿ ಅವರು ಫ್ರಾನ್ಸ್ ಮಹಿಳಾ ತಂಡದ ಕೋಚ್ ಆದರು. ಬಂದವರೇ ಇನ್ನೊಬ್ಬ ಡಿಫೆಂಡರ್ ವೆಂಡಿ ರೆನಾರ್ ಅವರನ್ನು ನಾಯಕತ್ವದಿಂದ ತೆಗೆದರು. 2021ರಲ್ಲಿ ಮತ್ತೆ ಕೊಟ್ಟರು. 2019ರಲ್ಲಿ ಸ್ವದೇಶದಲ್ಲೇ ನಡೆದ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್‌ನಲ್ಲಿ ಅಮೆರಿಕದ ಎದುರು ಸೋಲಾಯಿತು. 2022ರ ಯುರೋ ಕಪ್ಪಿನಲ್ಲಿ ತಂಡ ಮೊದಲ ಬಾರಿ ಸೆಮಿಫೈನಲ್ ತಲುಪಿತು. ಆದರೆ ಒಳಗೆ ಮನಸ್ಸುಗಳು ಒಡೆದಿದ್ದವು. 2023ರ ಫೆಬ್ರವರಿಯಲ್ಲಿ ರೆನಾರ್, ತನ್ನ ಮಾನಸಿಕ ಆರೋಗ್ಯಕ್ಕಾಗಿ ವಿಶ್ವಕಪ್ ಆಡುವುದಿಲ್ಲ ಎಂದರು. ಇನ್ನಿಬ್ಬರು ಜೊತೆಗೂಡಿದರು. ಮಾರ್ಚ್ 9ರಂದು ಫೆಡರೇಷನ್ ದಿಯಾಕ್ರ್ ಅವರನ್ನು ಕೈಬಿಟ್ಟಿತು.

ಈ ಕಥೆಯ ಅರ್ಧವನ್ನಷ್ಟೇ ಹೇಳಿದರೆ ಅನ್ಯಾಯ. ಗಂಡಸರ ಲೀಗಿನಲ್ಲಿ ಹೆಣ್ಣೊಬ್ಬಳು ಕೋಚ್ ಆಗಬಲ್ಲಳು ಎಂದು ತೋರಿಸಿದವರು ಅವರೇ. ತನ್ನ ತಂಡದ ಹೆಣ್ಣುಮಕ್ಕಳ ವಿಶ್ವಾಸ ಕಳೆದುಕೊಂಡವರೂ ಅವರೇ. ನಮ್ಮ ಯುವಕೂಟದಲ್ಲಿ, ಊರಿನ ತಂಡದಲ್ಲಿ ಮುಂದಾಳುಗಳಾಗುವ ನಾವೂ ಎರಡನ್ನೂ ನೆನಪಿಡೋಣ. ಗಟ್ಟಿಯಾಗಿ ನಿಲ್ಲುವ ಧೈರ್ಯ ಬೇಕು, ಜೊತೆಯವರು ಬೇಸರ ಹೇಳಿಕೊಂಡಾಗ ಕೂತು ಕೇಳುವ ತಾಳ್ಮೆಯೂ ಬೇಕು.