ಶೇಂಗಾ ಹಿಂಡಿಯ ವಿಷವೂ ಅದನ್ನು ಹಿಡಿಯುವ ಅಚ್ಚೂ

1960ರಲ್ಲಿ, ನಾವೀಗ ನೆಲೆಸಿರುವ ಇದೇ ಇಂಗ್ಲೆಂಡಿನಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದ್ದರಿಂದ ‘ಟರ್ಕಿ ಎಕ್ಸ್ ರೋಗ’ ಎಂದು ಹೆಸರಿಟ್ಟರು. ಹುಡುಕಿದಾಗ ಸೋಂಕು ಸಿಗಲಿಲ್ಲ. ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದರಲ್ಲಿ ಬಿಟ್ಟಿದ್ದ ವಿಷವೇ ಅಫ್ಲಾಟಾಕ್ಸಿನ್. ಅತಿನೇರಳೆ ಬೆಳಕಿನಲ್ಲಿ ಅದರ ಒಂದು ಬಗೆ ನೀಲಿಯಾಗಿ, ಇನ್ನೊಂದು ಹಸಿರಾಗಿ ಹೊಳೆಯುತ್ತದೆ. ಬಿ, ಜಿ ಎಂಬ ಹೆಸರುಗಳು ಬಂದದ್ದು ಆ ಬಣ್ಣಗಳ ಇಂಗ್ಲಿಷ್ ಮೊದಲಕ್ಷರಗಳಿಂದ.

ಇದು ಕೋಳಿಗಳ ಕಥೆಯಾಗಿಯೇ ಉಳಿಯಲಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತ್‌ಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ಉಂಡವರಿಗೆ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ಅನ್ನ ತಿಂದ ಮನೆಯ ನಾಯಿಗಳೂ ಸತ್ತವು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಒಳಗೆ ಹೋದರೆ ಇದೇ ವಿಷ ಯಕೃತ್ತಿನ ಕ್ಯಾನ್ಸರ್ ತರುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ; ನಮ್ಮ ಚಟ್ನಿಪುಡಿ ಮಾಡುವವರು ಇದನ್ನು ನೆನಪಿಡಬೇಕು.

ವಿಷ ಪತ್ತೆಗೆ ಪ್ರತಿಕಾಯಗಳು ಬಂದವು. ಪ್ರಾಣಿಗಳಿಂದ ಪಡೆದ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ದುಬಾರಿ, ತಂಪಿನಲ್ಲಿಡಬೇಕು. ಕರೆಂಟಿಲ್ಲದ ಊರಿನ ಗೋದಾಮಿಗೆ ಇವು ಹೊಂದುವುದಿಲ್ಲ. ಜರ್ಮನಿಯಲ್ಲಿ ಗುಂಟರ್ ವುಲ್ಫ್ 1972ರಲ್ಲಿ ಬೇರೆಯೇ ದಾರಿ ತೋರಿಸಿದ್ದರು. ಬೇಕಾದ ಅಣುವಿನ ಸುತ್ತ ಪಾಲಿಮರ್ ಕಟ್ಟಿ, ಆಮೇಲೆ ಅಣುವನ್ನು ತೊಳೆದು ತೆಗೆದರೆ ಅದರದೇ ಆಕಾರದ ಗುಳಿ ಉಳಿಯುತ್ತದೆ. ಕೋಡುಬಳೆಯನ್ನು ಹಿಟ್ಟಿಗೊತ್ತಿ ತೆಗೆದಂತೆ ಎನ್ನಬಹುದು, ಆದರೆ ಇಲ್ಲಿ ಆಕಾರದ ಜೊತೆ ರಾಸಾಯನಿಕ ಸೆಳೆತವೂ ಸೇರಿದೆ. 1993ರಲ್ಲಿ ಸ್ವೀಡನ್ನಿನ ಕ್ಲೌಸ್ ಮೋಸ್‌ಬಾಕ್‌ರ ತಂಡ, ಇಂಥ ಪಾಲಿಮರ್ ಔಷಧಗಳನ್ನು ಪ್ರತಿಕಾಯದಂತೆಯೇ ಗುರುತಿಸಬಲ್ಲದೆಂದು ತೋರಿಸಿತು.

ಅಫ್ಲಾಟಾಕ್ಸಿನ್ನನ್ನೇ ಅಚ್ಚಾಗಿ ಬಳಸಿದರೆ ಎರಡು ತೊಡಕು. ಅದು ಅಪಾಯಕಾರಿ, ಬೆಲೆಯೂ ಹೆಚ್ಚು. ಮೇಲಾಗಿ ಪೂರ್ತಿ ತೊಳೆಯದೆ ಉಳಿದ ಚೂರು ಪರೀಕ್ಷೆಯ ವೇಳೆ ಸೋರಿ ಸುಳ್ಳು ಲೆಕ್ಕ ಕೊಡುತ್ತದೆ. ಹಾಗಾಗಿ ಅದನ್ನು ಹೋಲುವ ಡೈಮೀಥಾಕ್ಸಿಕೌಮರಿನ್ ಎಂಬ ನಿರಪಾಯಕರ ‘ಬದಲಿ’ ಅಣುವಿನಿಂದ ಅಚ್ಚು ಮಾಡಿದರು. ಈ ಉಪಾಯ ನನಗೆ ಬಹಳ ಹಿಡಿಸಿತು.

ಆದರೂ ಪಾಲಿಮರ್ ಪ್ರತಿಕಾಯವನ್ನು ಓಡಿಸಿಬಿಟ್ಟಿತು ಎನ್ನುವವರ ಉತ್ಸಾಹ ನನಗಿಲ್ಲ. ಬಿಸಿಲು, ದ್ರಾವಕ ತಡೆಯುತ್ತದೆ, ಮತ್ತೆ ಬಳಸಬಹುದು, ನಿಜ. ಆದರೆ ಗುಳಿಗಳೆಲ್ಲ ಒಂದೇ ಸಮ ಇರುವುದಿಲ್ಲ, ನೀರಿನಲ್ಲಿ ಹಿಡಿತ ಸಡಿಲವಾಗುತ್ತದೆ. ಇನ್ನೂ ದೊಡ್ಡ ತೊಂದರೆ ಮೂಟೆಯೊಳಗೇ ಇದೆ. ವಿಷ ಎಲ್ಲ ಕಾಳಿಗೂ ಹರಡಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅಮೆರಿಕದ ಮಿತಿ ಕಿಲೋಗೆ 20 ಮೈಕ್ರೊಗ್ರಾಂ. ನಾವು ತೆಗೆದ ಹಿಡಿಯಲ್ಲಿ ಆ ಕಾಳು ಬರದಿದ್ದರೆ ಯಾವ ಅಚ್ಚೂ ಅದನ್ನು ಹಿಡಿಯದು.