ಅಟ್ಟದ ಮೇಲಿನ ಜೀಪು

ಯಲಹಂಕ, ಹೆಬ್ಬಾಳದ ಕಡೆ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹಳೇ ಜಿಪ್ಸಿನೋ, ಮಹೀಂದ್ರ ಜೀಪೋ ನಿಂತಿದ್ದರೆ, ಅದರ ಇನ್ನೊಂದಷ್ಟು ಭಾಗ ಮೇಲೆ ಫ್ಲ್ಯಾಟಿನೊಳಗಿದೆ ಅಂತಲೇ ತಿಳ್ಕೊಳ್ಳಿ. ಮಂಚದ ಕೆಳಗೆ ಆಕ್ಸಲ್ ಶಾಫ್ಟು, ಅಟ್ಟದ ಮೇಲೆ ಕ್ಲಚ್ ಪ್ಲೇಟು, ಬಾಲ್ಕನಿ ಮೂಲೆಯಲ್ಲಿ ಗೋಣಿಚೀಲ ಸುತ್ತಿದ ಲೀಫ್ ಸ್ಪ್ರಿಂಗ್ ಪಟ್ಟಿ. "ಇದೇನ್ರೀ, ಮನೇನೋ ಗುಜರಿ ಅಂಗಡೀನೋ?" ಅಂತ ಮನೆಯವರು ಕೇಳೋದರಲ್ಲಿ ತಪ್ಪೇನೂ ಇಲ್ಲ. ಆದರೆ ಇದಕ್ಕೆ ಉತ್ತರ ಬರೀ ಹುಚ್ಚು ಹವ್ಯಾಸದಲ್ಲಿ ಸಿಗೋದಿಲ್ಲ. ಸುಮಾರು ಎಂಬತ್ತು ವರ್ಷಗಳ ಇತಿಹಾಸದಲ್ಲಿ ಸಿಗುತ್ತೆ. ಇಷ್ಟು ವರ್ಷಗಳಲ್ಲಿ ಜೀಪಿನ ಸ್ಪೇರ್ ಪಾರ್ಟುಗಳ ಸ್ಟಾಕು ಮನೆ ಬದಲಾಯಿಸುತ್ತಲೇ ಬಂದಿದೆ: ಮೊದಲು ಸೇನೆಯ ಡಿಪೋ, ಆಮೇಲೆ ಕಂಪನಿ, ಆಮೇಲೆ ಪೇಟೆ, ಈಗ ನಮ್ಮ ಅಟ್ಟ.

ಜೀಪು ಹುಟ್ಟಿದ್ದೇ ಬಿಡಿಭಾಗದ ಲೆಕ್ಕಾಚಾರದಲ್ಲಿ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಬೇಕು ಅಂದಿತು. 1941ರಲ್ಲಿ ವಿಲ್ಲಿಸ್ ಕಂಪನಿಯ ಮಾದರಿ ಆಯ್ಕೆಯಾಯಿತು. ಒಂದೇ ಕಂಪನಿಯಿಂದ ಸಾಲದು ಅಂತ ಅದೇ ನಕ್ಷೆಯನ್ನು ಫೋರ್ಡ್‌ಗೂ ಕೊಟ್ಟರು. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದರು. ಷರತ್ತು ಒಂದೇ, ಇವನ ಪಾರ್ಟು ಅವನ ಗಾಡಿಗೆ ಕೂರಬೇಕು. ಫೋರ್ಡ್‌ನವರು ತಮ್ಮ ಬೋಲ್ಟುಗಳ ತಲೆ ಮೇಲೂ 'ಎಫ್' ಅಕ್ಷರ ಒತ್ತಿದರು, ಆದರೆ ಆ ಬೋಲ್ಟು ವಿಲ್ಲಿಸ್ ಗಾಡಿಗೂ ಸಲೀಸಾಗಿ ಹೋಗುತ್ತಿತ್ತು. ಕಾಡಿನಲ್ಲೋ ಮರಳುಗಾಡಿನಲ್ಲೋ ಕೆಟ್ಟು ನಿಂತ ಎರಡು ಜೀಪಿನಿಂದ ಒಂದನ್ನು ಓಡಿಸಬಹುದಿತ್ತು.

ಆ ಯುದ್ಧ ನಮ್ಮ ಬೆಂಗಳೂರಿನಿಂದ ದೂರವೇನೂ ಇರಲಿಲ್ಲ. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ವಿಮಾನ ರಿಪೇರಿಯ ಕೇಂದ್ರವಾಯಿತು. ಯಲಹಂಕದ ವಿಮಾನ ನೆಲೆಯಲ್ಲಿ ಬ್ರಿಟಿಷ್ ಪೈಲಟ್‌ಗಳು ಥಂಡರ್‌ಬೋಲ್ಟ್ ಹಾರಿಸುವುದನ್ನು ಕಲಿಯುತ್ತಿದ್ದರು. ಇಂಥ ಸೇನೆಗಳು ತಮ್ಮ ಉಗ್ರಾಣವನ್ನೂ ಜೊತೆಗೇ ಹೊತ್ತು ತರುತ್ತವೆ, ಹೋಗುವಾಗ ಪೂರ್ತಿ ಹೊತ್ತುಕೊಂಡು ಹೋಗುವುದಿಲ್ಲ. ಯುದ್ಧ ಮುಗಿದ ಮೇಲೆ ದೇಶದುದ್ದಕ್ಕೂ ಹೆಚ್ಚುವರಿ ಮಾಲು ಹರಾಜಿಗೆ ಬಂತು. 'ಡಿಸ್ಪೋಸಲ್ ಮಾಲು' ಅನ್ನೋ ಮಾತು ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇವತ್ತಿಗೂ ಇದೆ ಅಲ್ವಾ?

ಸ್ಟಾಕಿನ ಎರಡನೇ ಮನೆ ಕಂಪನಿ. 1940ರ ದಶಕದ ಕೊನೆಗೆ ಮಹೀಂದ್ರದವರು ವಿಲ್ಲಿಸ್ ಜೀಪನ್ನು ಬಿಡಿಭಾಗಗಳಾಗಿ ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿದರು. ಅಂದರೆ ನಮ್ಮ ದೇಶದ ಜೀಪು ಶುರುವಾಗಿದ್ದೇ ಪೆಟ್ಟಿಗೆ ತುಂಬಾ ಪಾರ್ಟುಗಳಾಗಿ! 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು, ಆಮದಿಗೆ ಲೈಸೆನ್ಸು ಬಿಗಿಯಾಯಿತು. ಹೊರಗಿಂದ ತರಿಸೋದು ಕಷ್ಟವಾದಾಗ ಇಲ್ಲೇ ಮಾಡಬೇಕಾಯಿತು. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಪಂಪನ್ನೂ ಕೊಟ್ಟಿತು. ಮುಂದೆ ಯಶವಂತಪುರದ ಆಚೆ ಪೀಣ್ಯ ಬೆಳೆದ ಮೇಲೆ, ಮಾದರಿ ಕೊಟ್ಟರೆ ಪಿನ್ನೋ ಬುಷ್ಷೋ ಕಡೆದುಕೊಡುವ ಲೇತ್‌ಗಳಿಗೆ ಬರವೇ ಇರಲಿಲ್ಲ. ಅಮೆರಿಕದಲ್ಲಿ 1968ಕ್ಕೇ ನಿಂತುಹೋದ ಸಿಜೆ-3ಬಿ ಮಾದರಿ ನಮ್ಮಲ್ಲಿ ಬೇರೆ ಬೇರೆ ರೂಪದಲ್ಲಿ ದಶಕಗಳ ಕಾಲ ಬದುಕಿತು. ಗಾಡಿ ಹೆಚ್ಚು ಬದಲಾಗದಿದ್ದುದೇ ಪಾರ್ಟು ಸಿಗುವುದಕ್ಕೆ ಕಾರಣ.

ಹಾಗಾಗಿ ಮೂರನೇ ಮನೆಯಾದ ಪೇಟೆ ತುಂಬಿ ತುಳುಕುತ್ತಿತ್ತು. ಜೆ.ಸಿ. ರಸ್ತೆಗೆ ಹೋದರೆ ಹೊಸ ಪಾರ್ಟು, ಶಿವಾಜಿನಗರದ ಗುಜರಿಗೆ ಹೋದರೆ ಹಳೇ ಪಾರ್ಟು. ಕೌಂಟರ್ ಮೇಲೆ ಸವೆದ ಪಾರ್ಟು ಇಟ್ಟರೆ ಸಾಕು, ಒಳಗಿಂದ ಅದರ ಜೋಡಿ ಬರುತ್ತಿತ್ತು. ಆಗ ಮನೆಯಲ್ಲಿ ಸ್ಟಾಕ್ ಮಾಡೋ ಅಗತ್ಯ ಯಾರಿಗಿತ್ತು? ಕೊಡಗು, ಮಲೆನಾಡಿನ ತೋಟದವರಿಗೆ ಇತ್ತು. ಮಳೆಗಾಲದಲ್ಲಿ ರಸ್ತೆ ಕಡಿದುಹೋದರೆ ಅಂಗಡಿ ಮನೆಗೆ ಬರೋದಿಲ್ಲವಲ್ಲ.

ಪೇಟೆಯೂ ಖಾಲಿಯಾಗುತ್ತೆ ಅನ್ನೋ ಪಾಠವನ್ನು ಮೈಸೂರು ಕಲಿಸಿತು. ಜೀಪಿನದಲ್ಲ, ಮೋಟಾರ್ ಸೈಕಲ್ಲಿನದು. 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆಮೇಲೂ ಯೆಜ್ಡಿಗಳು ರಸ್ತೆ ಮೇಲೆ ಉಳಿದಿದ್ದರೆ ಅದಕ್ಕೆ ಹಳೇ ಮೆಕ್ಯಾನಿಕ್‌ಗಳು ಮತ್ತು ಡಬ್ಬಿ ಡಬ್ಬಿ ಪಾರ್ಟು ಕೂಡಿಟ್ಟ ಮಾಲೀಕರು ಕಾರಣ. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಸರದಿ ಆಮೇಲಿನದು. 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ಅದರ ಮಾರಾಟ ನಿಂತಿತು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ಮುಂದುವರಿಯದು ಎಂಬ ನಿಯಮ ಬಂತು, ಅವು ಸ್ಕ್ರ್ಯಾಪ್ ಕೇಂದ್ರಕ್ಕೇ ಹೋಗಬೇಕು. ಇಲಾಖೆಯ ಹಳೇ ಜೀಪನ್ನು ಹರಾಜಿನಲ್ಲಿ ಹಿಡಿದು ಪಾರ್ಟಿಗೆ ಬಳಸುವ ದಾರಿ ಹೀಗೆ ಕಿರಿದಾಯಿತು.

ಸ್ಟಾಕು ಅಟ್ಟ ಹತ್ತಿದ್ದು ಹೀಗೆ. ಐಟಿ ಮಂದಿಗೆ ಇದು ಅರ್ಥವಾಗೋ ವಿಷಯವೇ. ಸಪೋರ್ಟ್ ನಿಂತುಹೋದ ಸಾಫ್ಟ್‌ವೇರ್ ಓಡಿಸುವವರು ಹಳೇ ಇನ್‌ಸ್ಟಾಲರನ್ನು ಜೋಪಾನ ಮಾಡೋದಿಲ್ವಾ, ಹಾಗೆ. ಆದರೆ ಎರಡು ವ್ಯತ್ಯಾಸಗಳಿವೆ.

ಮೊದಲನೆಯದು, ಫೈಲು ಹಳಸೋದಿಲ್ಲ, ಪಾರ್ಟು ಹಳಸುತ್ತೆ. ಬ್ರೇಕ್ ಸಿಲಿಂಡರಿನ ರಬ್ಬರ್ ಕಪ್ಪು, ಆಯಿಲ್ ಸೀಲು, ಬೆಲ್ಟು ಇವೆಲ್ಲ ಉಪಯೋಗಿಸದಿದ್ದರೂ ವಯಸ್ಸಾಗಿ ಗಟ್ಟಿಯಾಗುತ್ತವೆ. ಮುಚ್ಚಳ ತೆಗೆದ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಗ್ರೀಸ್ ಕಾಗದ ಬಿಚ್ಚಿದ ಬೇರಿಂಗು ತುಕ್ಕು ಹಿಡಿಯುತ್ತೆ. ಆದ್ದರಿಂದ ರಬ್ಬರಿನದು ಒಂದೇ ಸೆಟ್ಟು ಸಾಕು, ಅದೂ ಬಿಸಿಲು ಬೀಳದ ಕಡೆ, ಕೊಂಡ ತಾರೀಖು ಬರೆದು. ಆಕ್ಸಲ್ ಶಾಫ್ಟು, ಗೇರು, ಹಬ್ಬಿನಂಥ ಕಬ್ಬಿಣದ ಸಾಮಾನು ಎಣ್ಣೆ ಸವರಿ ಸುತ್ತಿಟ್ಟರೆ ವರ್ಷಗಟ್ಟಲೆ ಇರುತ್ತೆ. ಸ್ಟಾಕ್ ಮಾಡೋದಾದರೆ ಅದನ್ನೇ ಮಾಡಬೇಕು.

ಎರಡನೆಯದು ಮುಖ್ಯವಾದದ್ದು. ಫೈಲಿಗೆ ಕಾಪಿ ಮಾಡಬಹುದು, ಪಾರ್ಟಿಗೆ ಆಗೋದಿಲ್ಲ. ತಯಾರಿಕೆ ನಿಂತ ಮೇಲೆ ನಾನು ಎತ್ತಿಟ್ಟ ನಾಲ್ಕನೇ ಶಾಫ್ಟು ಇನ್ನೊಬ್ಬನಿಗೆ ಸಿಗದ ಶಾಫ್ಟು. ನಾವು ವೀಕೆಂಡಿಗೆ ಹೋಗುವ ಕೊಡಚಾದ್ರಿಯಲ್ಲೋ, ಮಡಿಕೇರಿಯ ಮಾಂದಲ್‌ಪಟ್ಟಿಯಲ್ಲೋ ಕಲ್ಲು ಕೊರಕಲಿನ ದಾರಿ ಹತ್ತಿಸುವ ಜೀಪಿನವರನ್ನು ನೋಡಿರುತ್ತೀರಿ. ಸೀಸನ್‌ನಲ್ಲಿ ಗಾಡಿ ಒಂದು ದಿನ ನಿಂತರೆ ಅವರ ಆ ದಿನದ ಬಾಡಿಗೆ ಹೋದ ಹಾಗೆ. ನಮ್ಮ ಗಾಡಿ ಬೇಸ್‌ಮೆಂಟಿನಲ್ಲಿ ತಿಂಗಳು ನಿಂತರೂ ಸಂಬಳ ಬರುತ್ತೆ.

ಇದರ ಅಳತೆ ನಮಗೆ ಹೊಸದಲ್ಲ. ನಮ್ಮೂರಿನ ಮನೆಗಳಲ್ಲಿ ಎತ್ತಿನಗಾಡಿಯ ಕಡಾಣಿ, ನೇಗಿಲಿನ ಕುಳ, ಹೆಚ್ಚಿನದೊಂದು ನೊಗ ಅಟ್ಟದ ಮೇಲೆ ಇದ್ದೇ ಇರುತ್ತಿದ್ದವು. ಒಂದೊಂದೇ, ಹತ್ತಲ್ಲ. ಬಿತ್ತನೆ ದಿನ ಪಕ್ಕದ ಮನೆಯವರ ಕುಳ ಮುರಿದರೆ "ತಗಂಡೋಗಿ ಮಾವ, ಆಮೇಲೆ ಮಾಡ್ಸಿ ಕೊಡೀರಂತೆ" ಅಂತ ಅದು ಇಳಿದು ಬರುತ್ತಿತ್ತು. ಅಟ್ಟ ಒಂದು ಮನೆಯದು, ಅದರ ಮೇಲಿನ ಸ್ಟಾಕು ಅರ್ಧ ಊರಿನದು.

ನಾನು ಹೇಳೋದಿಷ್ಟೇ. ಸವೆಯುವಂಥದ್ದು ಒಂದು ಸೆಟ್ಟು, ದಾರಿಯಲ್ಲಿ ನಿಲ್ಲಿಸುವಂಥದ್ದು ಒಂದು, ಇನ್ನು ಸಿಗೋದೇ ಇಲ್ಲ ಅನ್ನುವಂಥದ್ದು ಹೆಚ್ಚೆಂದರೆ ಎರಡು. ಏನೇನಿದೆ ಅಂತ ಪಟ್ಟಿ ಬರೆದು ಪೆಟ್ಟಿಗೆ ಮುಚ್ಚಳದ ಒಳಗೆ ಅಂಟಿಸಿ. ಇನ್ನೊಂದು ಪ್ರತಿ ನಿಮ್ಮ ಮೆಕ್ಯಾನಿಕ್ ಹತ್ತಿರ ಇರಲಿ. ಯಾರಾದರೂ ಕೇಳಿಕೊಂಡು ಬಂದರೆ, ಕೊಂಡ ಬೆಲೆಗೇ ಕೊಟ್ಟುಬಿಡಿ.